ಎಮರೆನ್ಸಿಯ ಬಹಿರಂಗ ಪಾಪನಿವೇದನೆ

ವೆಳ್ಳಿತುರದ ಚರ್ಚಿನಲ್ಲಿ ಶನಿವಾರ ಸಂಜೆಯ ಪಾಪನಿವೇದನೆಗೆ ಜನ ಕಿಕ್ಕಿರಿಯತೊಡಗಿದ್ದನ್ನು ಕಂಡು ಫಾದರ್ ಲ್ಯಾಂಬರ್ಟ್ ಮೊದಮೊದಲು ಹಿಗ್ಗಿದ್ದರು. ಊರಿಗೆ ಭಕ್ತಿ ಮರಳಿತೆಂದು ಬಿಷಪ್ಪರಿಗೆ ಒಂದು ಕಾಗದವನ್ನೂ ಬರೆದಿದ್ದರು. ಮೂರನೆಯ ಶನಿವಾರ ಅವರಿಗೆ ನಿಜ ಗೊತ್ತಾಯಿತು. ಬಂದವರಲ್ಲಿ ಮುಕ್ಕಾಲು ಮಂದಿ ತಮ್ಮ ಪಾಪ ಹೇಳಿಕೊಳ್ಳಲು ಬಂದವರಲ್ಲ, ಎಮರೆನ್ಸಿಯ ಪಾಪ ಕೇಳಲು ಬಂದವರು.

ಎಮರೆನ್ಸಿ ಮೀನು ಮಾರುವವಳು. ವಯಸ್ಸು ಐವತ್ತಾರು. ತಲೆಯ ಮೇಲೆ ಬೋಗುಣಿ ಹೊತ್ತು ಮೂವತ್ತು ವರ್ಷ ಕೇರಿ ಕೇರಿ ತಿರುಗಿ "ಬೂತಾಯೀ, ಬಂಗುಡೇ" ಎಂದು ಕೂಗಿದ ಗಂಟಲು ಅವಳದು. ಆ ಗಂಟಲಿಗೆ ಪಿಸುಮಾತು ಎಂಬುದೇ ಗೊತ್ತಿಲ್ಲ. ಉಳಿದವರೆಲ್ಲ ಮರದ ಗೂಡಿನೊಳಗೆ ಮಂಡಿಯೂರಿ ಜಾಲರಿಗೆ ಬಾಯಿ ಇಟ್ಟು ಆಚೆ ಕೂತ ಫಾದರಿಗೆ ಹೇಳುವುದನ್ನು ಅವಳು ಹೊರಗೆ ಕಂಬದ ಪಕ್ಕ ನಿಂತು ಹೇಳುತ್ತಿದ್ದಳು. ಊರಿನವರಂತೆ ಅವಳೂ ಫಾದರನ್ನು 'ಅಚ್ಚ' ಎಂದೇ ಕರೆಯುವುದು.

"ಅಚ್ಚೋ, ಪಕ್ಕದ ಮನೆ ಪತ್ರೋಸನ ಹೆಂಡ್ತಿ ಹೊಸ ಫ್ರಿಜ್ ತಗೊಂಡ್ಳು. ನಂಗೆ ಹೊಟ್ಟೆಕಿಚ್ಚಾಯ್ತು."

"ಮೆಲ್ಲಗೆ, ಎಮರೆನ್ಸೀ."

"ಮೆಲ್ಲಗೇ ಆಯ್ತು ಅಚ್ಚೋ, ಒಂದೇ ಸಲ ಆಗ್ಲಿಲ್ಲ. ಆಮೇಲೆ ಜೂಡಿತ್‌ಗೆ ನಿನ್ನೆ ಮೀನು ಇವತ್ತಿಂದು ಅಂತ ಮಾರಿದೆ."

ಹಿಂದಿನ ಬೆಂಚಿನಿಂದ ಜೂಡಿತ್ ಧಡಕ್ಕನೆ ಎದ್ದಳು. "ನೋಡಿದ್ರಾ, ಅದಕ್ಕೇ ನನ್ ಗಂಡಂಗೆ ಹೊಟ್ಟೆ ಕೆಟ್ಟಿದ್ದು!"

"ನಿನ್ ಗಂಡನ ಹೊಟ್ಟೆ ಕೆಡೋಕೆ ನನ್ ಮೀನು ಯಾಕೆ ಬೇಕೇ? ಕಳ್ಳಿನಂಗಡಿ ಸಾಲ್ದಾ?"

ಫಾದರ್ ಗೂಡಿನೊಳಗಿಂದಲೇ ಇಬ್ಬರಿಗೂ ಒಟ್ಟಿಗೆ ಪಾಪಕ್ಷಮೆ ಕೊಟ್ಟು, ಆಮೇಲೆ ತಲೆನೋವಿನ ಮಾತ್ರೆ ನುಂಗಿದರು.

ಅವಳಿಗೆ ಊರ ಮುಂದೆ ಹೇಳಿಕೊಳ್ಳುವ ಚಟವೇನೂ ಇರಲಿಲ್ಲ. ಗೂಡಿನೊಳಗೆ ಒಂದು ಕಾಲಿಟ್ಟರೆ ಸಾಕು, ಎದೆ ಬಿಗಿದು, ಉಸಿರು ಗಂಟಲಲ್ಲೇ ನಿಂತು, ಬೆನ್ನೆಲ್ಲ ತಣ್ಣಗೆ ಬೆವರುತ್ತಿತ್ತು. ಎರಡು ವರ್ಷದ ಹಿಂದೆ ಮಳೆಗಾಲದ ಒಂದು ಮಧ್ಯಾಹ್ನ ಕಡಲು ಕಲ್ಲಿನ ತಡೆಗೋಡೆ ಹಾರಿ ಕೇರಿಗೆ ನುಗ್ಗಿದಾಗ ಅವಳು ಅಡುಗೆಮನೆಯಲ್ಲಿ ಮೀನು ಹೆರೆಯುತ್ತಿದ್ದಳು. ಗೋಡೆ ಕುಸಿದು ಅರೆಯುವ ಕಲ್ಲಿಗೆ ಒರಗಿ ನಿಂತಿತು. ಅದರ ಕೆಳಗೆ, ಶವಪೆಟ್ಟಿಗೆಯಷ್ಟೇ ಜಾಗದಲ್ಲಿ, ನೀರು ಕುತ್ತಿಗೆಯವರೆಗೆ ಬಂದು ಹೋಗಿ ಮಾಡುತ್ತಿರಲು ಎರಡೂವರೆ ಗಂಟೆ ಬಿದ್ದಿದ್ದಳು. ಪತ್ರೋಸ್ ಮತ್ತವನ ದೋಣಿಯವರು ಹಾರೆ ಹಾಕಿ ಎತ್ತಿ ಎಳೆದರು. ಒಂದು ಮೂಳೆಯೂ ಮುರಿದಿರಲಿಲ್ಲ. "ನಿಮಗೇನೂ ಆಗಿಲ್ಲ, ಪುಣ್ಯವಂತೆ" ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು.

ಏನೂ ಆಗದ ಆ ಪುಣ್ಯವಂತೆ ಅಂದಿನಿಂದ ಬಸ್ಸಿನಲ್ಲಿ ಬಾಗಿಲ ಮೆಟ್ಟಿಲ ಬಳಿಯೇ ನಿಲ್ಲುತ್ತಿದ್ದಳು. ಬಚ್ಚಲಿಗೆ ಹೋದರೆ ಬಾಗಿಲು ಅರ್ಧ ತೆರೆದೇ ಇರಬೇಕು, ಮಗಳು ಹೊರಗೆ ಕಾವಲು ನಿಲ್ಲಬೇಕು. ಪ್ರಾರ್ಥನಾ ಶಿಬಿರವೊಂದಕ್ಕೆ ಐದು ದಿನ ಹೋಗಿ ಬಂದಳು. ಅಲ್ಲಿ ಬೋಧಕರು ತಲೆಯ ಮೇಲೆ ಕೈ ಇಟ್ಟರೆ ಜನ ದೊಪ್ಪದೊಪ್ಪನೆ ಬೀಳುತ್ತಿದ್ದರು. ಇವಳು ಮಾತ್ರ ದೀಪದ ಕಂಬದ ಹಾಗೆ ನಿಂತೇ ಇದ್ದಳು. "ಗೋಡೆ ಬಿದ್ದಿದ್ದು ನನ್ ಮೈಮೇಲೆ. ಈಗ ನಾನೂ ಬೀಳ್ಬೇಕಾ?" ಎಂದು ಕೇಳಿ ಬೋಧಕರ ಬಾಯಿ ಮುಚ್ಚಿಸಿ ಬಂದಿದ್ದಳು.

ಕೊನೆಗೆ ಫಾದರ್ ಲ್ಯಾಂಬರ್ಟ್ ಅವಳನ್ನು ಕಾನ್ವೆಂಟಿಗೆ ಹೊಸದಾಗಿ ಬಂದ ಸಿಸ್ಟರ್ ರೊಸೆಲ್ಡಾರ ಬಳಿಗೆ ಕಳಿಸಿದರು. ಭಯ ಮೈಯೊಳಗೆ ಹೇಗೆ ಮನೆ ಮಾಡಿಕೊಳ್ಳುತ್ತದೆ, ಅದನ್ನು ಮೈಯಿಂದಲೇ ಹೇಗೆ ಸಾಗಹಾಕುವುದು ಎಂಬುದನ್ನು ಮೂರು ವರ್ಷ ಕಲಿತು ಬಂದಿದ್ದರು ಈ ಸಿಸ್ಟರ್. ಹೊಲಿಗೆ ತರಗತಿಯ ಪಕ್ಕದ ಕೋಣೆ ಅವರದು. ಎಮರೆನ್ಸಿ ಒಳಗೆ ಬರಲೊಪ್ಪದೆ ಹೊಸ್ತಿಲ ಮೇಲೆ, ಅರ್ಧ ವರಾಂಡದಲ್ಲಿ ಅರ್ಧ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡಳು. ಸಿಸ್ಟರ್ ತಮ್ಮ ಕುರ್ಚಿಯನ್ನೂ ಅಲ್ಲಿಗೇ ಎಳೆದುಕೊಂಡು, ಊರ ರೂಢಿಯಂತೆ ಅವಳನ್ನು ಅಕ್ಕ ಎಂದೇ ಕರೆದು ಕೇಳಿದರು.

"ಚೇಚಿ, ನಿಮ್ ಪಾದ ಎಲ್ಲಿವೆ?"

ಎಮರೆನ್ಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸಿಸ್ಟರ್‌ಗೆ ಕಣ್ಣು ಮಂಜಾ?"

"ನಂಗೆ ಕಾಣ್ತಿವೆ. ನಿಮ್ಗೆ ಗೊತ್ತಾಗ್ತಿವೆಯಾ, ಒಳಗಿಂದ?"

ಇದೆಂಥ ಪ್ರಶ್ನೆ ಎಂದುಕೊಂಡೇ ಅವಳು ಗಮನಿಸಿ ನೋಡಿದಳು. ಮಂಡಿಯಿಂದ ಕೆಳಗೆ ಏನೂ ಇರಲಿಲ್ಲ. ಮೂವತ್ತು ವರ್ಷ ಊರೆಲ್ಲ ಸುತ್ತಿಸಿದ ಪಾದಗಳು ಯಾರೋ ಬಿಟ್ಟುಹೋದ ಚಪ್ಪಲಿಯಂತೆ ಅಲ್ಲಿ ಬಿದ್ದಿದ್ದವು. ಅವಳಿಗೆ ಸ್ವಲ್ಪ ಹೆದರಿಕೆಯಾಯಿತು. ಹೆದರಿಕೆಯಾದಾಗಲೆಲ್ಲ ಅವಳು ಜಗಳ ತೆಗೆಯುವವಳು.

"ಇದು ಯಾವ ಮತದ ವಿದ್ಯೆ? ನಾನು ದೇವಮಾತೆಯ ಸಂಘದ ಅಧ್ಯಕ್ಷೆ, ನೋಡ್ಕೊಂಡು ಮಾಡ್ಸಿ."

"ಯೇಸು ಬಂದಾಗ ಬರೀ ಆತ್ಮ ಆಗಿ ಬಂದ್ರಾ ಚೇಚಿ? ಮೈ ತಗೊಂಡೇ ಬಂದ್ರು. ಹಸಿದ್ರು, ಅತ್ರು, ಸಾಯೋ ಹಿಂದಿನ ರಾತ್ರಿ ತೋಟದಲ್ಲಿ ಭಯಕ್ಕೆ ಬೆವರಿದ್ರು. ನೀವು ಹೊರಗೆ ಬಂದಿದ್ದೀರಿ, ನಿಮ್ ಮೈ ಇನ್ನೂ ಗೋಡೆ ಕೆಳಗೇ ಇದೆ. ಅದಕ್ಕೂ ಸುದ್ದಿ ಮುಟ್ಟಿಸ್ಬೇಕು. ಎಲ್ಲಿ, ಒಂದು ಶಿಲುಬೆ ಗುರುತು ಹಾಕಿ ನೋಡೋಣ."

ಎಮರೆನ್ಸಿ ಹಾಕಿದಳು. ಮುಖದ ಮೇಲಿನ ನೊಣ ಓಡಿಸಿದಂತಿತ್ತು.

"ಈಗ ಮೆಲ್ಲಗೆ. ಅಂಗೈ ಭಾರ ಬಿಟ್ಟು, ಮುಟ್ಟಿದ್ದು ಗೊತ್ತಾಗೋ ಹಾಗೆ."

ಹಣೆ ಮುಟ್ಟಿದಳು. ಅಂಗೈ ಬಿಸಿ ಹಣೆಗೆ ತಿಳಿಯಿತು. ಕೈ ಎದೆಗಿಳಿಯಿತು. ಅಲ್ಲೇ ನಿಂತಿತು. ಮುಂದೆ ಭುಜಕ್ಕೆ ಹೋಗಲೊಲ್ಲದು. ಯಾವ ಕಾರಣವೂ ಇಲ್ಲದೆ ಕಣ್ಣಲ್ಲಿ ನೀರು ಬಂತು.

"ಇಲ್ಲೊಂದು ಕಲ್ಲಿದೆ ಸಿಸ್ಟರ್."

"ಇರ್ಲಿ. ಇವತ್ತಿಗೆ ಇಷ್ಟು ಸಾಕು."

"ಅರ್ಧ ಶಿಲುಬೆಗೇ ಅಂಗಡಿ ಮುಚ್ಚಿದ್ರಾ?"

"ಉಳಿದರ್ಧ ಮುಂದಿನ ಬುಧವಾರ, ನಾಲ್ಕು ಗಂಟೆಗೆ."

ಬೈದುಕೊಂಡೇ ಅವಳು ಬುಧವಾರ ಬುಧವಾರ ಬಂದಳು. ನಾಲ್ಕನೆಯ ಬುಧವಾರ ಗೋಡೆಯ ಮಾತು ಬಂದಾಗ ಅವಳ ಎರಡೂ ಅಂಗೈ ತಾವಾಗಿಯೇ ಎದೆಯ ಮುಂದೆ ಎದ್ದವು. ಸಿಸ್ಟರ್ ಅದನ್ನು ನೋಡಿದರು.

"ಕೈ ಏನೋ ಮಾಡೋಕೆ ನೋಡ್ತಿದೆಯಲ್ಲ?"

"ತಳ್ಳೋಕೆ. ಅವತ್ತು ತಳ್ಳೋಕೆ ಜಾಗ ಇರ್ಲಿಲ್ಲ. ಸತ್ತವರಿಗೆ ಎದೆ ಮೇಲೆ ಕೈ ಮಡಚಿ ಇಡ್ತಾರಲ್ಲ, ಹಾಗೆ ಸಿಕ್ಕಿಬಿದ್ದಿದ್ವು."

ಸಿಸ್ಟರ್ ಎದ್ದು ಹತ್ತಿಯ ದಿಂಬೊಂದನ್ನು ಎದೆಗೊತ್ತಿ ಹಿಡಿದು ಅವಳೆದುರು ನಿಂತರು. "ಈಗ ಜಾಗ ಇದೆ. ತಳ್ಳಿ. ಮೆಲ್ಲಗೆ ಶುರುಮಾಡಿ."

ಮೆಲ್ಲಗೆ ಎಂಬುದು ಎಮರೆನ್ಸಿಗೆ ಎಂದೂ ಒಗ್ಗಿದ್ದಲ್ಲ. ಸಿಸ್ಟರ್ ದಿಂಬಿನ ಸಮೇತ ಪಕ್ಕದ ಬಾಗಿಲ ಮೂಲಕ ಹೊಲಿಗೆ ತರಗತಿಗೆ ಹೋಗಿ, ರವಿಕೆ ತುಂಡುಗಳ ರಾಶಿಯ ಮೇಲೆ ಕೂತರು. ಎಂಟು ಹೊಲಿಗೆ ಯಂತ್ರಗಳು ಒಟ್ಟಿಗೆ ನಿಂತವು. ಸಿಸ್ಟರ್ ಹೊಟ್ಟೆ ಹಿಡಿದು ನಗುತ್ತಿದ್ದರು. ಎಮರೆನ್ಸಿ ನಗಲಿಲ್ಲ. ಅವಳ ತೋಳು, ತೊಡೆ, ಗದ್ದ ಎಲ್ಲ ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಿದ್ದವು.

"ನಡುಗ್ಲಿ, ತಡೀಬೇಡಿ" ಎನ್ನುತ್ತ ಸಿಸ್ಟರ್ ಎದ್ದು ಬಂದು ಪಕ್ಕದಲ್ಲಿ ನಿಂತರು. "ನಾನಿಲ್ಲೇ ಇದ್ದೀನಿ. ವರಾಂಡದ ಬಾಗಿಲು ತೆರೆದೇ ಇದೆ."

ನಡುಕದ ಬೆನ್ನಿಗೇ ಅವಳ ಬಾಯಿಂದ ಒಂದು ಮಾತು ಹೊರಟಿತು. ಬಲೆ ಇಂಜಿನ್ನಿಗೆ ಸುತ್ತಿಕೊಂಡಾಗ ಮಾತ್ರ, ಅದೂ ನಡುಗಡಲಿನಲ್ಲಿ, ಗಂಡಸರು ಆಡುವಂಥ ಮಾತು. ಹೊಲಿಗೆಯ ಹುಡುಗಿಯರು ಕಿವಿ ಮುಚ್ಚಿಕೊಂಡರು. ಎಮರೆನ್ಸಿ ತನ್ನ ಬಾಯಿ ಮುಚ್ಚಿಕೊಂಡಳು. ಸಿಸ್ಟರ್ ನಡುವಿನ ಬಾಗಿಲು ಮುಚ್ಚಿದ ಮೇಲೆ ಅವಳು ಬಾಯಿಬಿಟ್ಟಳು.

"ಇದೇ ಮಾತು ಅವತ್ತೂ ಆಡಿದ್ದೆ, ಗೋಡೆ ಕೆಳಗೆ. ದೇವಮಾತೆಯನ್ನ ಕರೆದೆ, ಸಂತ ಅಂತೋನಿಯವರನ್ನ ಕರೆದೆ, ಯಾರೂ ಬರ್ಲಿಲ್ಲ. ಕೊನೆಗೆ ಮೇಲಿನವನಿಗೇ ಬೈದೆ. ಬೈದಿದ್ದೇ ತಡ ಗೋಡೆ ಇನ್ನೊಂದಿಂಚು ಕೂತ್ಕೊಂತು. ಎರಡು ವರ್ಷದಿಂದ ಬೇರೆ ಪಾಪ ಎಲ್ಲ ಹೇಳಿದ್ದೀನಿ ಸಿಸ್ಟರ್. ಇದೊಂದು ಹೇಳಿಲ್ಲ."

"ಬೈಯೋವಾಗ್ಲೂ ಅವನ ಹತ್ರಾನೇ ಮಾತಾಡ್ತಾ ಇದ್ರಿ ಅಲ್ವಾ? ಮಾತು ಬಿಟ್ಟಿರ್ಲಿಲ್ಲ. ಶಿಲುಬೆ ಮೇಲಿಂದ ಯೇಸುನೇ 'ಯಾಕೆ ನನ್ನ ಕೈಬಿಟ್ಟೆ' ಅಂತ ಕೂಗ್ಲಿಲ್ವಾ?"

"ಅವರು ಕೂಗಿದ್ದು ಇಂಥಾ ಹೊಲಸು ಮಾತಲ್ಲ."

"ಅವರು ಮೀನು ಮಾರಿರ್ಲಿಲ್ಲ ಚೇಚಿ."

ಎಮರೆನ್ಸಿಗೆ ಅಳುವಿನ ನಡುವೆಯೇ ನಗು ಬಂದು ಮೂಗು ಸೋರಿತು. ಉಸಿರು ಹಗುರಾಗಿ ಹೊಟ್ಟೆಯವರೆಗೂ ಇಳಿಯಿತು.

"ಅಲ್ಲಿ ಬಿದ್ದಿದ್ದಾಗ ಉಸಿರು ಎಲ್ಲಿಂದ ಬರ್ತಿತ್ತು?" ಸಿಸ್ಟರ್ ಕೇಳಿದರು.

ಎರಡು ವರ್ಷ ನೆನಪಿಗೆ ಬಾರದಿದ್ದುದು ಈಗ ಬಂತು. ಕಲ್ಲಿಗೂ ಗೋಡೆಗೂ ನಡುವೆ ಬೆರಳಗಲದ ಒಂದು ಸಂದು ಇತ್ತು. ಅದರಿಂದ ಗಾಳಿ ಬರುತ್ತಿತ್ತು. ಗಾಳಿಯ ಜೊತೆಗೆ ಪತ್ರೋಸನ ಕಿರುಚಾಟವೂ ಬರುತ್ತಿತ್ತು: ಮೆಲ್ಲಗೆ ಎತ್ರೋ ಕತ್ತೆಗಳಾ, ಒಳಗೆ ಚೇಚಿ ಇದ್ದಾಳೆ.

"ಯಾರೂ ಬರ್ಲಿಲ್ಲ ಅಂದ್ಕೊಂಡಿದ್ದೆ" ಎಂದಳು ಎಮರೆನ್ಸಿ. "ಆ ದರಿದ್ರ ಮುಂಡೇದು ಮೊದಲಿಂದ್ಲೂ ಅಲ್ಲೇ ಇತ್ತು."

ಆಮೇಲೆ ಅವರಿಬ್ಬರು ಫಾದರ ಅನುಮತಿ ಪಡೆದು, ಮಂಗಳವಾರ ಮಧ್ಯಾಹ್ನ ಚರ್ಚು ಖಾಲಿ ಇರುವಾಗ ಗೂಡಿನ ಅಭ್ಯಾಸ ನಡೆಸಿದರು. ಮೊದಲ ದಿನ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಎರಡನೆಯ ವಾರ ಬಾಗಿಲು ತೆರೆದಿಟ್ಟು ಒಳಗೆ ಹತ್ತು ಉಸಿರು. ಭಯ ಏರಿದರೆ ತಕ್ಷಣ ಹೊರಗೆ ಬಂದು ಕಿಟಕಿಯಾಚೆಯ ತೆಂಗಿನ ಮರ ನೋಡುವುದು, ಇಳಿದ ಮೇಲೆ ಮತ್ತೆ ಹೋಗುವುದು. ಒಳಗೆ ಏನೇನು ಕಾಣುತ್ತದೆ ಹೇಳಿ ಎಂದು ಸಿಸ್ಟರ್ ಹೊರಗಿನಿಂದ ಕೇಳುತ್ತಿದ್ದರು.

"ಒಂದು ಮೊಳೆ. ಕೆಳಗೆ ಬೆಳಕು. ಮೂಲೆಯಲ್ಲಿ ಒಂದು ಜೇಡ, ಯಾವ ಪಾಪ ಮಾಡಿದ್ಯೋ ಏನೋ, ಎಷ್ಟು ಹೊತ್ತಾದ್ರೂ ಏಳ್ತಿಲ್ಲ."

ಐದು ಮಂಗಳವಾರ ಹಿಡಿಯಿತು. ಐದನೆಯ ವಾರದ ಶನಿವಾರ ಜನ ಎಂದಿನಂತೆ ಮುಂದಿನ ಬೆಂಚುಗಳಿಗಾಗಿ ನೂಕಾಡುತ್ತಿದ್ದಾಗ ಎಮರೆನ್ಸಿ ಕಂಬ ದಾಟಿ ನೆಟ್ಟಗೆ ಗೂಡಿಗೆ ಹೋಗಿ ಬಾಗಿಲೆಳೆದುಕೊಂಡಳು. ಹೊರಗೆ ನಿಟ್ಟುಸಿರಿನ ಅಲೆಯೇ ಎದ್ದಿತು. ಜೂಡಿತ್ ಅಂಗೈ ಬಟ್ಟಲು ಮಾಡಿ ಕಿವಿಗಿಟ್ಟು ನೋಡಿದಳು. ಏನೂ ಕೇಳಲಿಲ್ಲ.

ಒಳಗೆ ಎಮರೆನ್ಸಿ ಒಂದು ಕೈಯಿಂದ ಹಲಗೆಯನ್ನು ಒತ್ತಿ ನೋಡಿದಳು. ಹಲಗೆ ಹಲಗೆಯಾಗಿಯೇ ಇತ್ತು. ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಜೀವಮಾನದಲ್ಲಿ ಮೊದಲ ಬಾರಿಗೆ ಪಿಸುದನಿಯಲ್ಲಿ, ತಾನು ದೇವರಿಗೆ ಏನೆಂದು ಬೈದಿದ್ದೆ ಎಂಬುದನ್ನು ಅಕ್ಷರ ಬಿಡದೆ ಹೇಳಿದಳು.

ಹೇಳಿ ಮುಗಿಸಿ ಜಾಲರಿಗೆ ಕಿವಿಯಿಟ್ಟಳು.

"ಅಚ್ಚೋ? ನಿದ್ದೆ ಬಂತಾ?"

"ಇಲ್ಲ ಎಮರೆನ್ಸೀ." ಫಾದರ ದನಿ ಎಂದಿನಂತಿರಲಿಲ್ಲ. "ಅವತ್ತು ನಾನು ಗಂಟೆಗೋಪುರದ ಮೇಲಿದ್ದೆ. ಜನಕ್ಕೆ ಓಡಿ ಅಂತ ಗಂಟೆ ಹೊಡೀತಾ ಇದ್ದೆ. ಕಣ್ಣೆದುರೇ ಮನೆಗಳು ಹೋದ್ವು. ನಂಗೂ ಒಂದು ಮಾತು ಬಾಯಿಗೆ ಬಂತು."

"ಯಾವುದು?"

"ನಿಂದೇ."

"ಅಯ್ಯೋ ನನ್ ಮಾತೇ! ಅಚ್ಚಂಗೂ ಬರುತ್ತಾ ಅದು?"

"ದೋಣಿಯವನ ಮಗ ಅಲ್ವೇನೇ ನಾನು?"

ಇಬ್ಬರ ನಗುವೂ ಗೂಡಿನ ಮರವನ್ನು ಹಾದು ಹೊರಗೆ ಬಂದಾಗ ಬೆಂಚಿನ ಮೇಲಿನ ಜನ ಮುಖಮುಖ ನೋಡಿಕೊಂಡರು. ಒಳಗೆ ಫಾದರ್ ಮತ್ತೆ ದನಿ ತಗ್ಗಿಸಿದರು. "ಈಗ್ಲೂ ಸಂಜೆ ಗಂಟೆ ಹೊಡೆದ್ರೆ ಹೊಟ್ಟೆ ಕಲ್ಲಾಗುತ್ತೆ. ಯಾರಿಗೂ ಹೇಳಿಲ್ಲ."

"ನಾನಂತೂ ಯಾರಿಗೂ ಹೇಳಲ್ಲ. ಆದ್ರೆ ಬುಧವಾರ ನಾಲ್ಕು ಗಂಟೆ ನಂದು. ನೀವು ಐದಕ್ಕೆ ಹೋಗಿ."

ಫಾದರ್ ಅವಳಿಗೆ ಪಾಪಕ್ಷಮೆ ಕೊಟ್ಟರು. ಪ್ರಾಯಶ್ಚಿತ್ತಕ್ಕೆ ಪವಿತ್ರ ಗ್ರಂಥದ ಕೀರ್ತನೆಗಳಲ್ಲಿ ದೇವರೊಡನೆ ಜಗಳ ಇರುವುದೊಂದನ್ನು ಹುಡುಕಿ ಓದಿಕೊಳ್ಳಲು ಹೇಳಿದರು.

ಎಲ್ಲವೂ ಸರಿಹೋಯಿತೆಂದಲ್ಲ. ಬಸ್ಸಿನಲ್ಲಿ ಎಮರೆನ್ಸಿ ಈಗಲೂ ಬಾಗಿಲ ಪಕ್ಕದ ಸೀಟನ್ನೇ ಹಿಡಿಯುತ್ತಾಳೆ. ಬಚ್ಚಲ ಬಾಗಿಲಿಗೆ ಮಾತ್ರ ಅಗುಳಿ ಬಿದ್ದಿದೆ, ಮಗಳಿಗೆ ಕಾವಲಿನ ಕೆಲಸ ತಪ್ಪಿದೆ. ಶನಿವಾರದ ಜನ ಮೊದಲಿನಂತೆ ಏಳೆಂಟು ಮಂದಿಗೆ ಇಳಿದಿದ್ದಾರೆ.

ಆ ಶನಿವಾರದ ನಂತರದ ಬುಧವಾರ ಐದಕ್ಕೆ ಹತ್ತು ನಿಮಿಷವಿರುವಾಗ ಎಮರೆನ್ಸಿ ಸಿಸ್ಟರ ಕೋಣೆಯಿಂದ ಹೊರಬಂದಳು. ಕಾನ್ವೆಂಟಿನ ಗೇಟಿನ ಬಳಿ ಫಾದರ್ ಲ್ಯಾಂಬರ್ಟ್ ಕೈ ಹಿಂದೆ ಕಟ್ಟಿ ಪಪ್ಪಾಯಿ ಮರವನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದರು. ನಿಲುವಂಗಿಯ ಗುಂಡಿಗಳು ಒಂದೊಂದು ಕಾಜಾ ತಪ್ಪಿ ಬಿದ್ದಿದ್ದವು.

"ಅದಿನ್ನೂ ಕಾಯಿ ಅಚ್ಚೋ" ಎಂದಳು ಎಮರೆನ್ಸಿ. "ಹೋಗಿ, ಬಾಗಿಲ ಹತ್ರದ ಕುರ್ಚಿ ಹಿಡೀರಿ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ."