ನೂರನೆಯ ದಿನದ ಚಿಪ್ಪು

ನನ್ನ ಗಂಡ ಇಲೈತಿಯಾ ನಮ್ಮ ಊರಿನ ಮುಖ್ಯಸ್ಥನಾಗಿದ್ದ. ಹಾಗಾಗಿ ಅವನು ಸತ್ತ ದಿನವೇ ಮನೆ ಮುಂದಿನ ಹವಳದ ದಿಬ್ಬಕ್ಕೆ ತಡೆ ಬಿತ್ತು. ನೂರು ದಿನ ಅಲ್ಲಿ ಯಾರೂ ಬಲೆ ಬೀಸುವಂತಿಲ್ಲ, ಚಿಪ್ಪುಮೀನು ಆರಿಸುವಂತಿಲ್ಲ. ನೂರನೆಯ ದಿನ ಅಲ್ಲಿಂದಲೇ ಮೀನು, ಚಿಪ್ಪು ತಂದು ಊರು ಉಣ್ಣಬೇಕು. ಆಮೇಲೆ ಸೂತಕ ಮುಗಿದು ನಾನು ಕಪ್ಪು ಬಟ್ಟೆ ಬಿಚ್ಚಬಹುದು.

ನೆಲದ ಕೊಳೆ ಕಡಲಿಗೆ ಸೇರದಂತೆ ತಡೆಯಲು ನಮ್ಮ ಸುತ್ತಲಿನ ದ್ವೀಪದೇಶಗಳು ಒಪ್ಪಂದ ಮಾಡಿಕೊಂಡಿವೆ. ಅದರ ಪರವಾಗಿ ಊರಿನ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆಂದು ರಾಜಧಾನಿ ಸುವಾಕ್ಕೆ ಕಳಿಸುವವಳು ನಾನು. ತಡೆ ಇದ್ದುದರಿಂದ ಮೂರು ತಿಂಗಳು ದಿಬ್ಬದ ನೀರು ಮುಟ್ಟಿರಲಿಲ್ಲ. ತೊಂಬತ್ತೆರಡನೆಯ ದಿನ ಹಿರಿಯರ ಅಪ್ಪಣೆ ಪಡೆದು ತುಂಬಿದೆ. ನಾಲ್ಕು ದಿನದ ಮೇಲೆ ಪ್ರಯೋಗಾಲಯದಿಂದ ಸಿನಾ ಫೋನ್ ಮಾಡಿದಳು. ಅವಳು ಪಕ್ಕದ ದ್ವೀಪದೇಶ ಸಾಮೋವಾದವಳು.

"ಅಕ್ಕಾ, ಬಾಟಲಿ ಸರಿಯಾಗಿ ತೊಳ್ದಿದ್ರಾ?"

"ತೊಳ್ದಿದ್ದೆ."

"ಹಾಗಾದ್ರೆ ಹೊಲಸು ದಿಬ್ಬದ ನೀರಲ್ಲೇ ಇದೆ. ಆ ಚಿಪ್ಪು ಯಾರೂ ತಿನ್ಬಾರ್ದು. ಮಕ್ಕಳಿಗಂತೂ ಬೇಡ್ವೇ ಬೇಡ. ದಡದಲ್ಲಿ ಹಂದಿ ಕಟ್ಟಿದೀರಾ?"

"ಎಂಟು."

"ಅಯ್ಯೋ! ಒಪ್ಪಂದದ ಕಡೆಯಿಂದ ಟೋಂಗಾ ದೇಶದವ್ರು ನಿಮ್ಮ ದಿಬ್ಬಾನೇ ಮಾದರಿ ಅಂತ ನೋಡೋಕೆ ಬರ್ತಿದಾರಲ್ಲ!"

"ಬರ್ಲಿ."

ಹಂದಿಗಳು ನೂರನೆಯ ದಿನದ ಊಟಕ್ಕೇ ಮೀಸಲು. ತಡೆ ಇದ್ದ ದಡಕ್ಕೆ ಯಾರೂ ಬರುವುದಿಲ್ಲ, ವಾಸನೆಯ ತಕರಾರಿರುವುದಿಲ್ಲ ಎಂದು ನನ್ನ ಭಾವ ಅಮಿನಿಯಾಸಿ ಅಲ್ಲೇ ಗೂಡು ಕಟ್ಟಿದ್ದ. ದಿನವೂ ತೆಂಗಿನಕಾಯಿ ಒಡೆದು ಹಾಕಿದವಳು ನಾನು. ಉಬ್ಬರದಲ್ಲಿ ಗೂಡಿನ ನೆಲ ತೊಳೆದು ಹೋಗುವುದನ್ನು ನೋಡುತ್ತಲೇ ಇದ್ದೆ. ನೋಡಿದ್ದು ತಲೆಗೆ ಹೋಗಿರಲಿಲ್ಲ.

ಭಾವನಿಗೆ ಹೇಳಿದೆ. ಅವನು ನಕ್ಕ.

"ನಮ್ಮಜ್ಜಂದಿರು ಬಾಟಲಿ ಕೇಳಿ ಮೀನು ತಿಂತಿದ್ರೇನಮ್ಮಾ?"

"ಅವ್ರು ಹಂದೀನ ಅಲ್ಲಿ ಕಟ್ತಿರ್ಲಿಲ್ಲ ಭಾವ."

ಅವನ ನಗು ನಿಂತಿತು. "ಆ ಫೋನ್ ಒಂದು ವಾರ ತಡವಾಗಿ ಬಂತು ಅಂದ್ಕೋ. ಯಾರಿಗೆ ಗೊತ್ತಾಗುತ್ತೆ? ನನ್ನ ತಮ್ಮನ್ನ ಕಳಿಸಿಕೊಡೋಕೂ ಬಿಡಲ್ವಾ ನೀನು?"

"ಮಕ್ಕಳು ತಿಂತಾರೆ ಭಾವ."

"ಹಾಗಾದ್ರೆ ನೀನೇ ಹೇಳ್ಕೋ. ನಾನು ಬಾಯಿ ಬಿಡಲ್ಲ."

ಸಂಜೆ ಊರಿನ ಸಭೆಯಲ್ಲಿ ನಾನೇ ಹೇಳಿದೆ. ಗೂಡಿನದು, ತೆಂಗಿನಕಾಯಿಯದು, ಎಲ್ಲವನ್ನೂ. ಯಾರೂ ಬಯ್ಯಲಿಲ್ಲ. ನೀರು ಶುದ್ಧವಾಗುವವರೆಗೆ ತಡೆ ತೆಗೆಯುವುದಿಲ್ಲ, ಸೂತಕ ಕಳೆಯುವ ಊಟವೂ ಇಲ್ಲ ಎಂದು ತೀರ್ಮಾನವಾಯಿತು. ಎಷ್ಟು ದಿನ ಎಂದು ಒಬ್ಬ ಮುದುಕಿ ಕೇಳಿದಳು. ಗೊತ್ತಿಲ್ಲ ಎಂದೆ.

ನೂರನೆಯ ದಿನ ಟೋಂಗಾದ ಇಬ್ಬರು ಬಂದರು. ಡಬ್ಬದ ಮೀನು, ಬೇಯಿಸಿದ ಕೆಸುವಿನ ಗೆಡ್ಡೆ ಬಡಿಸಿದೆವು. ಮಾದರಿ ದಿಬ್ಬ ಎಲ್ಲಿ ಎಂದು ಅವರು ಕೇಳಿದಾಗ ಗೂಡು ತೋರಿಸಿದೆ. ಅವರಲ್ಲಿ ದಪ್ಪಗಿದ್ದವನು, "ನಮ್ಮೂರಲ್ಲೂ ಹೀಗೇ ಕಟ್ಟಿದಾರೆ. ಹೋದ ಕೂಡ್ಲೇ ಕೀಳಿಸ್ಬೇಕು," ಎಂದು ಅಂಗಿ ಬಿಚ್ಚಿ ಒಂದು ಕಂಬ ಕೀಳತೊಡಗಿದ. ಭಾವ ಬಂದು ಇನ್ನೊಂದು ತುದಿ ಹಿಡಿದ. ನನ್ನ ಕಡೆ ನೋಡಲಿಲ್ಲ. ಹಂದಿಗಳನ್ನು ಗುಡ್ಡಕ್ಕೆ ಅಟ್ಟಿದೆವು.

ಅಳು ಬರಬಹುದೆಂದು ಕಾದೆ, ಬರಲಿಲ್ಲ. ಕಪ್ಪು ಬಟ್ಟೆಯಲ್ಲೇ ಸೊಂಟದ ಮಟ್ಟದ ನೀರಿಗಿಳಿದು ಮತ್ತೆ ಬಾಟಲಿ ತುಂಬಿದೆ.