ಅಧ್ಯಕ್ಷರು ಎಡಕ್ಕೆ ಸರಿದದ್ದು

ಬಿಡದಿಯ ಕಾರ್ಖಾನೆಗಳಿಗೆಲ್ಲ ವೆಬ್‌ಸೈಟ್ ಇದೆಯೆಂದು ೨೦೦೬ರಲ್ಲಿ ಯಾರೋ ಹೇಳಿದ್ದೇ ತಡ, ವಿರೂಪಾಕ್ಷಿಪುರದ ಕುರಿ ಸಾಕುವವರ ಸಂಘದ ಅಧ್ಯಕ್ಷ ಪುಟ್ಟಲಿಂಗಯ್ಯನವರು ತಮಗೂ ಒಂದು ಬೇಕೆಂದರು. ಚನ್ನಪಟ್ಟಣದಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ಲತಾಮಣಿ ಮಾಡಿಕೊಟ್ಟಳು. ಪುಟದಲ್ಲಿ ಒಂದು ಕುರಿಯೂ ಇರಲಿಲ್ಲ. ನಟ್ಟನಡುವೆ ಅಧ್ಯಕ್ಷರ ಫೋಟೋ ಇತ್ತು. ಸಂಘದ ಕಂಪ್ಯೂಟರಿನಲ್ಲಿ ಅವರು ಅದನ್ನು ಮತ್ತೆ ಮತ್ತೆ ತೆರೆಸಿ ನೋಡಿದರು. ಅಲ್ಲಿದ್ದ ಬ್ರೌಸರು ಇಂಟರ್‌ನೆಟ್ ಎಕ್ಸ್‌ಪ್ಲೋರರ್.

ಮೂರನೆಯ ದಿನ ಉಪಾಧ್ಯಕ್ಷ ಮುತ್ತುರಾಜು ತಮ್ಮ ಮಗಳ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಎಂಬ ಬೇರೊಂದು ಬ್ರೌಸರಿನಿಂದ ಅದೇ ಪುಟ ತೆರೆದರು. ಪುಟ ಎಡಗಡೆಗೆ ಅಂಟಿಕೊಂಡಿತ್ತು, ಬಲಗಡೆ ಬರೀ ಬಿಳಿ. ಸದಸ್ಯರನ್ನೆಲ್ಲ ಮನೆಗೆ ಕರೆದು, ಕಾಫಿ ಕೊಟ್ಟು ತೋರಿಸಿದರು.

ಪುಟ್ಟಲಿಂಗಯ್ಯ ಲತಾಮಣಿಯನ್ನು ಕರೆಸಿದರು.

“ನನ್ನ ಮೂಲೆಗೆ ತಳ್ಳು ಅಂತ ಮುತ್ತುರಾಜು ಹೇಳ್ಕೊಟ್ನೇನಮ್ಮ?”

“ಯಾರೂ ಹೇಳ್ಕೊಟ್ಟಿಲ್ಲ ಸಾರ್, ತಪ್ಪು ನಂದೇಯ. ನಡುವ್ಕೆ ಬಾ ಅಂತ ಒಂದ್ ಸಾಲು ಬರ್ದಿದ್ದೆ. ಇಲ್ಲಿರೋ ಬ್ರೌಸರ್‌ಗೆ ಅಷ್ಟು ಸಾಕು. ಅವ್ರ ಮನೇಲಿರೋ ಬ್ರೌಸರ್‌ಗೆ ಎರಡೂ ಕಡೆ ಸಮವಾಗಿ ಜಾಗ ಬುಡು ಅಂತ ಬಿಡ್ಸಿ ಹೇಳ್ಬೇಕು. ಹತ್ತು ನಿಮಿಷದ ಕೆಲ್ಸ.”

“ಹತ್ತೇ ನಿಮಿಷದ ಕೆಲ್ಸ ಅಂದ್ಮೇಲೆ ಬೇಕಂತ್ಲೇ ಬುಟ್ಟಿದ್ದೀಯ.”

ತನಿಖೆಗೆ ಐದು ಜನರ ಸಮಿತಿಯಾಯಿತು. ಸಾಕ್ಷ್ಯ ಕೆಡಬಾರದು, ಆದ್ದರಿಂದ ಪುಟವನ್ನು ಯಾರೂ ಮುಟ್ಟಕೂಡದು ಎಂಬುದೇ ಅದರ ಮೊದಲ ಆದೇಶ. ಸಮಿತಿಯ ಹಿರಿಯರಾದ ದೊಡ್ಡಹನುಮಯ್ಯನವರು ಮೊಮ್ಮಗಳ ಸ್ಕೇಲು ತಂದು ಮುತ್ತುರಾಜು ಮನೆಯ ಕಂಪ್ಯೂಟರಿನ ಪರದೆಯ ಮೇಲಿಟ್ಟು ಅಳೆದು, ಅಧ್ಯಕ್ಷರು ಎರಡೂವರೆ ಇಂಚು ಸರಿದಿದ್ದಾರೆಂದು ಬರೆಸಿದರು. ಉಳಿದ ಸಭೆಗಳೆಲ್ಲ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ ನಡೆದವು. ಅಲ್ಲಿ ಕಂಪ್ಯೂಟರ್ ಇರಲಿಲ್ಲ.

ಐದು ತಿಂಗಳಾಯಿತು. ಲತಾಮಣಿ ಮುತ್ತುರಾಜು ಕಡೆಯವಳು ಎಂಬ ಮಾತು ಹೋಬಳಿಯೆಲ್ಲ ಹಬ್ಬಿತು. ಮೊದಮೊದಲು ಅವಳಿಗೆ ಅಳು ಬರುತ್ತಿತ್ತು, ಆಮೇಲೆ ರೇಗಿತು. ಒಂದು ಮಧ್ಯಾಹ್ನ ಯಾರನ್ನೂ ಕೇಳದೆ, ಎರಡೂ ಕಡೆ ಜಾಗ ಬಿಡಿಸುವ ಆ ಇನ್ನೊಂದು ಸಾಲನ್ನೂ ಬರೆದುಬಿಟ್ಟಳು. ಪುಟ ಎರಡೂ ಬ್ರೌಸರಿನಲ್ಲಿ ನಡುವಿಗೆ ಬಂದು ನಿಂತಿತು.

ಮುಂದಿನ ಸಭೆಯಲ್ಲಿ ಪುಟ್ಟಲಿಂಗಯ್ಯ ಎದ್ದು ನಿಂತರು. “ನೋಡ್ರಪ್ಪ, ಸಮಿತಿ ಅಂದ್ರೆ ಇದು. ಪುಟ ಹೆದರ್ಕೊಂಡು ತಾನಾಗೇ ಸರಿ ಹೋಯ್ತು” ಎಂದು ಐವರಿಗೂ ಶಾಲು ಹೊದಿಸಿದರು. ಹಿಂದೆ ಕುಳಿತಿದ್ದ ಲತಾಮಣಿಯೂ ಚಪ್ಪಾಳೆ ತಟ್ಟಿದಳು.

ದೊಡ್ಡಹನುಮಯ್ಯ ಶಾಲು ಹೊದ್ದುಕೊಂಡೇ ಅವಳ ಹತ್ತಿರ ಬಂದರು.

“ನಮ್ಮ ಐದು ಜನ್ರ ಫೋಟೋನೂ ಹಾಕ್ಬುಡವ್ವ. ಒಬ್ರುನ್ನೂ ಪಕ್ಕಕ್ಕೆ ಹಾಕ್ಬ್ಯಾಡ. ಎಲ್ರೂ ನಡುವ್ಕೇ ಬರ್ಬೇಕು.”

“ಆಯ್ತು ತಾತ” ಎಂದಳು ಲತಾಮಣಿ. ಸಂಜೆಯೇ ಐವರನ್ನೂ ಒಬ್ಬರ ಕೆಳಗೊಬ್ಬರಂತೆ ನಟ್ಟನಡುವೆ ಜೋಡಿಸಿದಳು. ಮರುದಿನ ಅವಳು ಸೆಂಟರಿನ ಬಾಗಿಲು ತೆಗೆಯುವ ಮೊದಲೇ, ಪುಟದಲ್ಲಿ ಮೊದಲನೆಯವರ ಕೆಳಗೆ ಬಿದ್ದಿದ್ದ ನಾಲ್ವರೂ ಬಂದು ನಿಂತಿದ್ದರು.