ಎರಡನೆಯ, ಮೂರನೆಯ ಸಿಲಿಂಡರು

ತಿಥಿಯ ಊಟ ಮುಗಿಸಿಕೊಂಡು ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಗ್ಗೆ ವರಲಕ್ಷ್ಮಮ್ಮ ಎದ್ದು, ಮುಖ ತೊಳೆದು, ಎರಡು ಲೋಟ ಕಾಫಿ ಸೋಸಿದಳು. ಒಂದು ಅತ್ತೆಗೆ, ಒಂದು ತನಗೆ. ಕೈ ತಪ್ಪಿ ಮೂರನೆಯ ಲೋಟ ಇಡಲಿಲ್ಲ. ಅದಕ್ಕಾಗಿ ದುಃಖವೂ ಆಗಲಿಲ್ಲ. ಹೆಬ್ಬಾಳದ ರಸ್ತೆಯಲ್ಲಿ ಎಂದಿನಂತೆ ದ್ರಾಕ್ಷಿ ಗಾಡಿಗಳು ಪೇಟೆಯ ಕಡೆ ಹೋಗುತ್ತಿದ್ದವು.

ಮನೆಗೆ ಅಂಟಿಕೊಂಡ ಕಾರು ರಿಪೇರಿಯ ಶೆಡ್ಡು ಅವಳ ಗಂಡ ಶ್ರೀರಾಮಪ್ಪನದು. ಜ್ವರ ಬಂದು ಒಂದೇ ವಾರದಲ್ಲಿ ಹೋಗಿಬಿಡುವ ತನಕ, ಯಲಹಂಕದಿಂದ ಯಶವಂತಪುರದವರೆಗೆ ಕಾರು ಇದ್ದವರಿಗೆಲ್ಲ ಅವನ ಕೆಲಸ ಗೊತ್ತಿತ್ತು. ಬಿ.ಎಸ್ಸಿ. ಓದಿದ ಹೆಂಡತಿಯನ್ನು ಅವನು ರೇಗಿಸುತ್ತಿದ್ದ: "ನೀನು ಓದಿದ್ದು ಪುಸ್ತಕದ ಗಾಳಿ ಕಣೇ. ಇಂಜಿನ್ ಗಾಳಿ ಬೇರೆ."

ಕಾಫಿ ಮುಗಿಯುವ ಮೊದಲೇ ಹೊರಗೆ ಒಂದು ಲ್ಯಾಂಡ್‌ಮಾಸ್ಟರ್ ಏದುಸಿರು ಬಿಡುತ್ತ ಬಂದು ನಿಂತಿತು. ಇಳಿದವರು ಇಬ್ಬರು. ಕಾರಿನ ಯಜಮಾನ ಸೊಣ್ಣಪ್ಪ, ಚಿಕ್ಕಜಾಲದ ದ್ರಾಕ್ಷಿ ತೋಟದವನು. ಶ್ರೀರಾಮಪ್ಪ ಅವನ ಇಂಜಿನ್ ಪೂರ್ತಿ ಬಿಚ್ಚಿ, ಪಿಸ್ಟನ್ನುಗಳಿಗೆ ಹೊಸ ರಿಂಗು ಕೂರಿಸಿ ಕೊಟ್ಟ ಮಾರನೆಯ ದಿನವೇ ಮಲಗಿದ್ದ. ಅದೇ ಕೊನೆಯ ಕೆಲಸ. ಇನ್ನೊಬ್ಬ ಯಶವಂತಪುರದಲ್ಲಿ ಗ್ಯಾರೇಜು ಇಟ್ಟಿರುವ ಬ್ಯಾಟರಾಯಪ್ಪ. ಶ್ರೀರಾಮಪ್ಪನಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ ಹಿರಿಯ.

"ನನ್ನ ಕಂಪ್ರೆಶನ್ ಗೇಜು ಇಲ್ಲೈತೆ ತಾಯಿ," ಎಂದ ಬ್ಯಾಟರಾಯಪ್ಪ ಸಂಕೋಚದಿಂದ. "ಶ್ರೀರಾಮ ಎರವಲು ತಂದಿದ್ದ. ಈ ಕಾರು ಎಳೀತಾ ಇಲ್ಲ. ರಿಂಗು ಸರಿಯಾಗಿ ಕೂತಿಲ್ಲ ಅನ್ಸುತ್ತೆ, ಬಿಚ್ಬೇಕು."

"ಏರಿ ಅತ್ಬೇಕಾದ್ರೆ ಎತ್ತಿನ ಗಾಡಿಯೋನು ಪಕ್ಕದಲ್ಲೇ ಬಂದು ಬೀಡಿಗೆ ಬೆಂಕಿ ಕೇಳ್ದ ಕಣಮ್ಮ," ಎಂದ ಸೊಣ್ಣಪ್ಪ. "ಸತ್ತೋರ ಮೇಲೆ ಮಾತು ಬ್ಯಾಡ. ಆದ್ರೂ ಕೊನೇಗೆ ಅವನ ಕೈ ಸೋತಿತ್ತೇನೋ."

ಅತ್ತೆ ಮುನಿಕೆಂಪಮ್ಮ ಬಾಗಿಲಿಗೆ ಬಂದರು. "ಸತ್ತ ಎಮ್ಮೆಗೆ ಅತ್ತು ಸೇರು ಆಲು ಅಂತಾರೆ. ನನ್ ಮಗನಿಗೆ ಅಷ್ಟೂ ಇಲ್ವೇನ್ಲಾ ಸೊಣ್ಣಪ್ಪ?"

ಸಂಜೆಯೊಳಗೆ ಈ ಮಾತು ಟೀ ಅಂಗಡಿ ತಲುಪುತ್ತದೆ ಎಂದು ವರಲಕ್ಷ್ಮಮ್ಮನಿಗೆ ಗೊತ್ತಿತ್ತು. ಆಮೇಲೆ ಶ್ರೀರಾಮಪ್ಪನ ಹೆಸರು ಬಂದಾಗಲೆಲ್ಲ ಅದೊಂದೇ ಮಾತು ಉಳಿಯುತ್ತದೆ: ಕೈ ಸೋತಿತ್ತು.

"ಗೇಜು ಕೊಡ್ತೀನಿ," ಎಂದಳು. "ಅದಕ್ಕೆ ಮೊದ್ಲು ಇಲ್ಲೇ ಹಿಡಿದು ನೋಡೋಣ."

"ಯಾರು ಹಿಡೀತಾರೆ?"

"ಅವರು ಸೆಲ್ಫ್ ಹೊಡೆದಾಗ ಹಿಡೀತಿದ್ದೋಳು ನಾನೇ."

ಅತ್ತೆ ಬೇಡವೆನ್ನುತ್ತಾರೆ ಎಂದುಕೊಂಡಳು. ಅವರು ಇವಳನ್ನೊಮ್ಮೆ ನೋಡಿ, "ಸೆರಗು ಸಿಕ್ಕಿಸ್ಕೊಂಡು ಓಗು," ಎಂದರು.

ಇಂಜಿನ್ ಬಿಸಿಯಾಗಿತ್ತು, ಹಾಗೇ ಇರಬೇಕು. ನಾಲ್ಕೂ ಪ್ಲಗ್ಗು ಬಿಚ್ಚಿ, ಮೊದಲ ತೂತಿಗೆ, ಸಿಲಿಂಡರಿನೊಳಗಿನ ಗಾಳಿಯ ಒತ್ತಡ ಅಳೆಯುವ ಗೇಜಿನ ರಬ್ಬರ್ ತುದಿಯನ್ನು ಒತ್ತಿ ಹಿಡಿದಳು. ಬಳೆ ಅಡ್ಡ ಬರುತ್ತದೆ ಎಂದು ಅವನು ಗೊಣಗುತ್ತಿದ್ದ. ಈಗ ಬರಲಿಲ್ಲ.

"ಆಕ್ಸಿಲೇಟರ್ ಪೂರ್ತಿ ತುಳೀರಿ ಸೊಣ್ಣಪ್ಪನೋರೆ, ಗಾಳಿ ಒಳಗೆ ಹೋಗ್ಬೇಕಲ್ಲ. ಈಗ ಸೆಲ್ಫ್ ಹೊಡೀರಿ."

ಪಿಸ್ಟನ್ ಗಾಳಿಯನ್ನು ಹಿಂಡಿದಂತೆಲ್ಲ ಮುಳ್ಳು ಏರಿತು. ನೂರಿಪ್ಪತ್ತು, ಗಟ್ಟಿ ಇಂಜಿನ್ನಿನ ಗುರುತು. ಎರಡನೆಯದು ಎಪ್ಪತ್ತಕ್ಕೇ ನಿಂತಿತು. ಮೂರನೆಯದೂ ಎಪ್ಪತ್ತು. ನಾಲ್ಕನೆಯದು ಮತ್ತೆ ನೂರಿಪ್ಪತ್ತು.

"ಸೋರ್ತಾ ಐತೆ. ರಿಂಗೇ," ಎಂದ ಬ್ಯಾಟರಾಯಪ್ಪ.

ಅವಳು ಎರಡನೆಯ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟಳು. ರಿಂಗಿನ ಸಂದಿಯಲ್ಲಿ ಗಾಳಿ ಸೋರುತ್ತಿದ್ದರೆ ಆಯಿಲ್ ಅದನ್ನು ತುಸು ಹೊತ್ತು ಮುಚ್ಚಬೇಕು, ಮುಳ್ಳು ಏರಬೇಕು. ಮತ್ತೆ ಸೆಲ್ಫ್ ಹೊಡೆಸಿದಳು. ಎಪ್ಪತ್ತು. ಮೂರನೆಯದಕ್ಕೂ ಬಿಟ್ಟು ನೋಡಿದಳು. ಮುಳ್ಳು ಕದಲಲಿಲ್ಲ.

"ರಿಂಗಲ್ಲ," ಎಂದಳು. "ಅಕ್ಕಪಕ್ಕದ ಎರಡೂ ಒಂದೇ ಥರ ಇಳಿದಿವೆ. ಇದರ ಗಾಳಿ ಅದಕ್ಕೆ, ಅದರದು ಇದಕ್ಕೆ ಹೋಗ್ತಿದೆ."

ಬ್ಯಾಟರಾಯಪ್ಪ ಗಲ್ಲ ಕೆರೆದುಕೊಂಡ. "ಹೆಡ್ ಗ್ಯಾಸ್ಕೆಟ್ಟು. ಸಿಲಿಂಡರ್ ಮುಚ್ಚೋ ಹೆಡ್ಡಿನ ಕೆಳಗಿನ ಹಾಳೆ ಸುಟ್ಟೈತೆ." ಆಮೇಲೆ ಕಾರಿನಲ್ಲಿ ಕೂತಿದ್ದ ಸೊಣ್ಣಪ್ಪನ ಕಡೆ ತಿರುಗಿದ. "ಏನ್ಲಾ, ಓಡಿಸಿದ್ಮೇಲೆ ಹೆಡ್ ನಟ್ಟು ಮತ್ತೆ ಬಿಗಿ ಮಾಡಿಸ್ಕೋ ಅಂದಿರ್ಲಿಲ್ವಾ ಅವನು?"

"ಮುನ್ನೂರು ಮೈಲಿ ಆದ್ಮೇಲೆ ತಗೊಂಬಾ ಅಂದಿದ್ದ."

"ಮತ್ತೆ?"

"ಅಷ್ಟ್ರಲ್ಲಿ ಇಂಗಾಯ್ತಲ್ಲ. ಸೂತಕದ ಮನೆ ಬಾಗಿಲಿಗೆ ಕಾರು ತರೋದೆಂಗೆ? ತಿಥಿ ಆಗ್ಲಿ ಅಂತಿದ್ದೆ."

"ಕಾರಿಗೂ ಸೂತಕ ಹಿಡಿಸಿದ್ಯಾ? ಹಿಡಿಸ್ದೋನು ಕೊಟ್ಟಿಗೇಲಿ ನಿಲ್ಲಿಸ್ಬೇಕಿತ್ತು."

"ನಾನು ನಿಲ್ತೀನಿ, ದ್ರಾಕ್ಷಿ ನಿಲ್ತದಾ?"

ಬಾಗಿಲಲ್ಲಿ ಮುನಿಕೆಂಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಅತ್ತರೋ ತಿಳಿಯಲಿಲ್ಲ.

ಇಂಜಿನ್ ಆರಿದ ಮೇಲೆ ಬ್ಯಾಟರಾಯಪ್ಪನೇ ಹೆಡ್ಡು ಎತ್ತಿದ. ಗ್ಯಾಸ್ಕೆಟ್ಟಿನಲ್ಲಿ ಎರಡು ಮತ್ತು ಮೂರನೆಯ ತೂತಿನ ನಡುವೆ ಸುಟ್ಟ ಕಪ್ಪು ಗೆರೆ. ಅವನು ಅದನ್ನು ಪಕ್ಕಕ್ಕಿಟ್ಟು, ಬಟ್ಟೆಯಿಂದ ಕೈ ಒರೆಸಿಕೊಂಡು, ಒಂದೊಂದೇ ಸಿಲಿಂಡರಿನ ಗೋಡೆಯ ಮೇಲೆ ಉಗುರು ಎಳೆದ. ಎಲ್ಲೂ ತಡೆಯಲಿಲ್ಲ. ತಿಕ್ಕಿದ ಕಂಚಿನ ಚೊಂಬಿನ ಒಳಮೈಯಂತೆ ನಾಲ್ಕೂ ಹೊಳೆಯುತ್ತಿದ್ದವು.

"ನೋಡ್ಕೋ ಸೊಣ್ಣಪ್ಪ," ಎಂದ. "ನಾನು ಕೂರಿಸಿದ್ರೂ ರಿಂಗು ಇಷ್ಟು ಚೆಂದ ಕೂರ್ತಿರ್ಲಿಲ್ಲ. ಟೀ ಅಂಗಡೀಲಿ ಇದನ್ನ ಹೇಳು."

"ಏಳ್ತೀನಿ," ಎಂದ ಸೊಣ್ಣಪ್ಪ, ತಲೆ ತಗ್ಗಿಸಿ.

ವರಲಕ್ಷ್ಮಮ್ಮ ಬಗ್ಗಿ ನೋಡಿದಳು. ಇದು ಅವನ ಕೈ ಮಾಡಿದ್ದು. ಅಷ್ಟು ದಿನ ಮರಗಟ್ಟಿದ್ದ ಎದೆಯಲ್ಲಿ ಏನೋ ನೆಟ್ಟಗಾಯಿತು. ಅವಳು ಅಳಲಿಲ್ಲ. ಅತ್ತೆಯನ್ನು ಕರೆದು ತೋರಿಸಿದಳು.

ಗೇಜನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ಬ್ಯಾಟರಾಯಪ್ಪನ ಮುಂದೆ ಹಿಡಿದಳು.

"ನಿನ್ನತ್ರಾನೇ ಇರ್ಲಿ ತಾಯಿ," ಎಂದ ಅವನು. "ಇದನ್ನ ಹಿಡಿಯೋಕೆ ಬರುತ್ತೆ ನಿಂಗೆ."

"ಬೇಡಿ. ಇಟ್ಕೊಂಡ್ರೆ ಅವರು ಎರವಲು ತಂದು ವಾಪಸ್ ಕೊಡ್ಲಿಲ್ಲ ಅಂತಾಗುತ್ತೆ."

ಅವನು ಎರಡೂ ಕೈ ಚಾಚಿ ಇಸಿದುಕೊಂಡ.